ಕೇಳುವವರ ಮುಖ

“ಊರ ಮಂದೀ ಮಾರಿ ಎಲ್ಲಾ ಹಿಡದಿಟ್ಟ್ರಿ. ನಿಮ್ಮ ಮಾರಿ ಒಂದ ಎಲ್ಲಿಟ್ಟೀರಿ?”

ದೇವಕ್ಕ ಗಂಡನನ್ನು ಹೀಗೆ ಕೇಳಿದ್ದು ಹಿಂದಿನ ಕತ್ತಲೆ ಕೋಣೆಯಲ್ಲಿ ನಿಂತು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಉತ್ತರ ಕೊಡಬೇಕಾದ ಗಂಡ ಮಡಿವಾಳೆಪ್ಪನನ್ನು ಹೊರಗೆ ಪಡಸಾಲೆಯಲ್ಲಿ ಮೀಯಿಸಿ, ಹಣೆ ತುಂಬ ವಿಭೂತಿ ಹಚ್ಚಿ, ರುಮಾಲು ಸುತ್ತಿ, ಗೋಡೆಗೆ ಆನಿಸಿ ಕೂಡಿಸಿದ್ದರು. ಜೀವ ಹೋದದ್ದು ನಸುಕಿನಲ್ಲಿ. ಹೊತ್ತು ಇಳಿಯುವುದರೊಳಗೆ ಹೊಲಕ್ಕೆ ಒಯ್ದು, ಕುಳಿತಂತೆಯೇ ಮಣ್ಣಿಗೆ ಇಳಿಸುವುದು ಅವರ ಮನೆತನದ ರೀತಿ. ಅಷ್ಟರೊಳಗೆ ಅವಳಿಗೆ ಅವನದೊಂದು ಫೋಟೋ ಸಿಗಬೇಕಾಗಿತ್ತು.

ಬೇಕಾಗಿದ್ದದ್ದು ಮಗಳಿಗೆ. ಸುಂದರವ್ವ ಕಿತ್ತೂರಿನ ಗಂಡನ ಮನೆಯಲ್ಲಿ ತುಂಬಿದ ಬಸುರಿ, ಇವತ್ತೋ ನಾಳೆಯೋ ಎನ್ನುವಂತಿದ್ದಳು. ಚಕ್ಕಡಿ ಹತ್ತುವ ಮಾತೇ ಇರಲಿಲ್ಲ. ಮಾವನಿಗೆ ಜಡ್ಡು ಹೆಚ್ಚಾಗಿದೆ ಎಂಬ ಸುದ್ದಿ ತಿಳಿದು ಅಳಿಯ ಪರಪ್ಪ ಹಿಂದಿನ ದಿನವೇ ಒಬ್ಬನೇ ಬಂದಿದ್ದ. ಬರುವಾಗ ಅವಳು ಹೇಳಿ ಕಳಿಸಿದ ಮಾತನ್ನು ಅವನು ಈಗ, ಎಲ್ಲ ಮುಗಿದ ಮೇಲೆ, ತಲೆ ತಗ್ಗಿಸಿ ಅತ್ತೆಗೆ ಹೇಳಿದ.

“ಅಪ್ಪನ ಮಾರಿ ನೋಡೂದು ನನ್ನ ನಸೀಬದಾಗ ಇರದಿದ್ರ, ಒಂದ ಪೋಟೋನರ ತಗೊಂಡ ಬರ್ರಿ ಅಂದಾಳರಿ ಅತ್ತಿ.”

ಅದಕ್ಕೇ ದೇವಕ್ಕ ಪೆಟ್ಟಿಗೆಗಳನ್ನು ಬಿಚ್ಚಿದ್ದಳು. ಜೋಳ ತುಂಬಿಡುತ್ತಿದ್ದ ಆ ಕೋಣೆಯಲ್ಲಿ ಜೋಳದ ಬದಲು ಗಂಡ ತೆಗೆದ ಫೋಟೋಗಳ ಗಾಜಿನ ಫಲಕಗಳು ಬಂದು ಎಷ್ಟೋ ವರ್ಷಗಳಾಗಿದ್ದವು. ಒಂದೊಂದನ್ನೂ ಬಾಗಿಲ ಸಂದಿಯ ಬೆಳಕಿಗೆ ಹಿಡಿದು ನೋಡಿದಳು. ಗಾಜಿನಲ್ಲಿ ಎಲ್ಲರೂ ತಿರುಗುಮುರುಗು. ಮುಖ ಕಪ್ಪು, ಕೂದಲು ಬಿಳಿ. ಆದರೂ ಯಾರು ಯಾರೆಂದು ಅವಳಿಗೆ ಗುರುತು ಸಿಗುತ್ತಿತ್ತು. ಇವರು ಸವದತ್ತಿಯ ಬಳೆಗಾರರು, ಇದು ಓಣಿಯ ಮರೆವ್ವ, ಇವರು ರಾಮದುರ್ಗದ ನೇಕಾರ ಅಣ್ಣತಮ್ಮಂದಿರು. ಎಲ್ಲರೂ ಇದ್ದರು. ಅವನೊಬ್ಬ ಇರಲಿಲ್ಲ.

ಮಡಿವಾಳೆಪ್ಪ ಹುಡುಗನಾಗಿದ್ದಾಗ ಬೆಳಗಾವಿಯ ದಂಡಿನ ಪೇಟೆಗೆ ಹೋಗಿ, ಗೋವೆಯ ಫೋಟೋದವನೊಬ್ಬನ ಹತ್ತಿರ ಕಸಬು ಕಲಿತು, ಅವನ ಹಳೆಯ ಕ್ಯಾಮೆರಾವನ್ನೇ ಹೆಗಲ ಮೇಲೆ ಹೊತ್ತುಕೊಂಡು ಬೈಲಹೊಂಗಲಕ್ಕೆ ತಿರುಗಿ ಬಂದವನು. ಬಂದ ಹೊಸದರಲ್ಲಿ ಅವನನ್ನು ಕರೆಯುತ್ತಿದ್ದದ್ದು ಸತ್ತವರ ಮನೆಗೆ ಮಾತ್ರ. ಕುಳ್ಳಿರಿಸಿದ ಹೆಣದ ಸುತ್ತ ಮಕ್ಕಳು ಮೊಮ್ಮಕ್ಕಳು ನಿಂತು ತೆಗೆಸಿಕೊಳ್ಳುವುದು, ಅದೇ ಫೋಟೋ. ಬದುಕಿದ್ದವರು ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಮಂದಿ ಅಂಜುತ್ತಿದ್ದರು. ಹೀಗಾಗಿ ಆ ಸೀಮೆಯಲ್ಲಿ ಫೋಟೋ ಎಂದರೆ ಸತ್ತವರದು ಎಂದೇ ಆಗಿ ಹೋಗಿತ್ತು.

ಅವನು ಒಂದೆರಡು ಕಡೆ ಹೋಗಿ ಬಂದು ಬಿಟ್ಟುಬಿಟ್ಟ. ಕರೆಯಲು ಬಂದವರಿಗೆ, “ಅವರು ಹೆಂಗೂ ಅಲಗೂದಿಲ್ಲ. ಅಲ್ಲಿ ನನ್ನ ಕೆಲಸಾ ಏನೈತ್ರಿ?” ಎನ್ನುತ್ತಿದ್ದ. ಬಂದವರು ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಹೋಗುತ್ತಿದ್ದರು. ಓಣಿಯವರು ಅವನನ್ನು ಹುಚ್ಚ ಪೋಟೋದಾಂವ ಎಂದು ಕರೆದರು. ಹೊಟ್ಟೆಗೆ ತಂದುಕೊಡುವ ಕೆಲಸವನ್ನೇ ಒಲ್ಲೆನೆನ್ನುವವನಿಗೆ ಮತ್ತೇನು ಹೆಸರಿಡುತ್ತಾರೆ?

ದೇವಕ್ಕ ಪುರಾಣ ಹೇಳುವವರ ಮಗಳು. ಅವಳ ತಂದೆ ಶ್ರಾವಣದಲ್ಲಿ ಮಠದ ಕಟ್ಟೆಯ ಮೇಲೆ ಕುಳಿತು ಪದ್ಯ ಬಿಡಿಸಿ ಹೇಳುವಾಗ ಅವಳು ಕಂಬದ ಮರೆಗೆ ಕುಳಿತು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದಳು. ಅಕ್ಷರ ಬರುತ್ತಿರಲಿಲ್ಲ, ಪದ್ಯ ಬರುತ್ತಿತ್ತು. ಜೋಳ ಹಸನು ಮಾಡುವಾಗ, ರೊಟ್ಟಿ ಬಡಿಯುವಾಗ, ನೀರು ಸೇದುವಾಗ ಅವಳ ಬಾಯಲ್ಲಿ ಅದೇ ನಡೆದಿರುತ್ತಿತ್ತು, ಕೈಗೆ ತಾಳ ಹಾಕಿದಂತೆ.

ಓಣಿಯ ಸತ್ಯವ್ವ ಎಂಬ ಮುದುಕಿಯನ್ನು ಮಡಿವಾಳೆಪ್ಪ ಹೇಗೋ ಒಪ್ಪಿಸಿ ಒಂದು ದಿನ ಬೆಳಕಿಂಡಿಯ ಕೆಳಗೆ ಕೂಡಿಸಿದ್ದ. ಕ್ಯಾಮೆರಾ ಕಂಡದ್ದೇ ಮುದುಕಿ ಮರದ ಗೊಂಬೆಯಾದಳು. ಕಣ್ಣು ಪಿಳಿಪಿಳಿ, ತುಟಿ ಬಿಗಿ, ಮುಷ್ಟಿ ಬಿಗಿ. ಆ ಕಾಲದ ಗಾಜಿಗೆ ಮುಖ ಹಿಡಿಯಬೇಕಾದರೆ ಒಂದಷ್ಟು ಹೊತ್ತು ಅಲುಗದೆ ಕೂರಬೇಕು, ಹೀಗೆ ಬಿಗಿದುಕೊಂಡವರು ಅಲುಗಿಯೇ ಅಲುಗುತ್ತಾರೆ. ಅವನು ಬೇಸತ್ತು ಕೈ ಬಿಡುವುದರಲ್ಲಿದ್ದಾಗ ಅಡಿಗೆಮನೆಯಿಂದ ಹೆಂಡತಿಯ ಪದ್ಯ ಕೇಳಿಬಂತು. ಸತ್ಯವ್ವ ಕಿವಿ ಅತ್ತ ತಿರುಗಿಸಿದಳು. ತುಟಿ ಸಡಿಲಾಯಿತು. ಮುಷ್ಟಿ ಬಿಚ್ಚಿತು. ಹುಬ್ಬಿನ ನಡುವಿನ ಗಂಟು ತಾನಾಗಿ ಕರಗಿತು. ಮುದುಕಿ ಬಂಡೆಯಂತೆ ಸ್ಥಿರವಾಗಿದ್ದಳು, ಆದರೆ ಮುಖದಲ್ಲಿ ಜೀವ ಓಡಾಡುತ್ತಿತ್ತು.

“ಮುಟ್ಟಿತು,” ಎಂದು ಅವನು ತನಗೆ ತಾನೇ ಹೇಳಿಕೊಂಡು ಕ್ಯಾಮೆರಾದ ಮುಚ್ಚಳ ತೆಗೆದ.

ಅವತ್ತಿನಿಂದ ಅದೇ ಅವನ ಪದ್ಧತಿಯಾಯಿತು. ಬಣ್ಣದ ಪರದೆ, ಹೂದಾನಿ, ಕುರ್ಚಿ ಯಾವುದೂ ಬೇಡವಾಯಿತು. ಬಂದವರನ್ನು ಬೆಳಕಿಂಡಿಯ ಕೆಳಗೆ ಗೋಡೆಗೆ ಒರಗಿಸಿ ಕೂಡಿಸುವನು. “ಆಕಿ ಹೇಳೂದನ್ನ ಕೇಳಕೋತ ಕುಂದರ್ರಿ. ನನ್ನ ಕಡೆ ನೋಡಬ್ಯಾಡ್ರಿ. ನಾ ಇಲ್ಲೇ ಇಲ್ಲಂತ ತಿಳಕೋರಿ,” ಎನ್ನುವನು. ದೇವಕ್ಕ ಕ್ಯಾಮೆರಾದ ಮಗ್ಗುಲಿಗೆ ಕುಳಿತು ಪದ್ಯ ಎತ್ತುವಳು. ಪದ್ಯ ಹೋಗಿ ಎದುರಿನವರ ಮುಖಕ್ಕೆ ಮುಟ್ಟುವ ತನಕ ಅವನು ಕೈ ಎತ್ತುತ್ತಿರಲಿಲ್ಲ. ಒಬ್ಬರಿಗೆ ಮೊದಲ ಸಾಲಿಗೇ ಮುಟ್ಟುತ್ತಿತ್ತು, ಇನ್ನೊಬ್ಬರಿಗೆ ಮೂರು ಪದ್ಯ ಮುಗಿದರೂ ಇಲ್ಲ. ಮುಟ್ಟಿತು ಎಂದು ಮೆಲ್ಲಗೆ ಹೇಳಿ ಮುಚ್ಚಳ ತೆಗೆದ ಮೇಲೆ ಬೆಳಕಿನ ಲೆಕ್ಕವೂ ಪದ್ಯದ್ದೇ. ಬಿಸಿಲಿದ್ದರೆ ಒಂದು ಸಾಲು, ಮೋಡವಾದರೆ ಸಾಲಿನ ಮೇಲೆ ಸಾಲು. ಅವನಿಗೆ ಗಡಿಯಾರ ಬೇಕಾಗಲಿಲ್ಲ. ಗಡಿಯಾರವೇ ಅವನ ಪಕ್ಕಕ್ಕೆ ಕುಳಿತು ಉಸಿರಾಡುತ್ತಿತ್ತು.

ಇದರಲ್ಲೊಂದು ತೊಡಕಿತ್ತು. ಮನಸಿಟ್ಟು ಕೇಳುವವರು ಬಹಳ ಸಲ ಕಣ್ಣು ಮುಚ್ಚುತ್ತಾರೆ.

ಚಚಡಿಯ ರೈತ ಬಸವಣ್ಣೆಪ್ಪ ತನ್ನ ಮಗ ಸಂಗಪ್ಪನ ಫೋಟೋ ತೆಗೆಸಿದ್ದು ಸಾಲಹಳ್ಳಿಯ ಕನ್ಯೆಯ ಮನೆಗೆ ಕಳಿಸಲಿಕ್ಕೆ. ವರ ನೋಡಲು ಅಷ್ಟು ದೂರದಿಂದ ಅವರೇಕೆ ಚಕ್ಕಡಿ ಕಟ್ಟಿಕೊಂಡು ಬರಬೇಕು, ಹೊಸ ಕಾಲ, ಹೊಸ ರೀತಿ ಎಂದು ಅವನ ಹುರುಪು. ಹುಡುಗ ರುಮಾಲು ಸುತ್ತಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿ ಕುಳಿತ. ದೇವಕ್ಕನ ಪದ್ಯಕ್ಕೆ ಅವನ ಕಣ್ಣು ಮುಚ್ಚಿದವು. ಮಡಿವಾಳೆಪ್ಪ ಮುಚ್ಚಳ ತೆಗೆದ. ಸಾಲಹಳ್ಳಿಯ ಕಡೆ ಹೊರಟಿದ್ದ ಮಾಳಪ್ಪ ಎಂಬ ಎಣ್ಣೆ ವ್ಯಾಪಾರಿಯ ಕೈಗೆ ಫೋಟೋ ಕೊಟ್ಟು ಕಳಿಸಿದರು. ಅವನು, “ಚಚಡಿಯವರು ಕೊಟ್ಟಾರ್ರಿ,” ಎಂದಿಷ್ಟೇ ಹೇಳಿ ಕೊಟ್ಟು ಮುಂದಿನ ಊರಿಗೆ ಹೋದ.

ಕನ್ಯೆಯ ಮನೆಯವರು ನೋಡಿದರು. ರುಮಾಲು, ವಿಭೂತಿ, ಗೋಡೆಗೆ ಆನಿಸಿದ ಬೆನ್ನು, ಮುಚ್ಚಿದ ಕಣ್ಣು. ಅಂಥ ಫೋಟೋ ಯಾರದೆಂದು ಅವರಿಗೆ ಹೇಳಿಕೊಡಬೇಕೇ? ಮನೆಯ ಅಜ್ಜಿ ಹಾಡಿಕೊಂಡು ಅತ್ತಳು. ಹಿರಿಯರು ಚಕ್ಕಡಿ ಹೂಡಿಕೊಂಡು ಚಚಡಿಗೆ ದುಃಖದವರನ್ನು ಮಾತಾಡಿಸಲು ಬಂದರು. ಅಂಗಳದಲ್ಲಿ ತಲೆ ತಗ್ಗಿಸಿ ಕುಳಿತವರನ್ನು ಕಂಡು ಬಸವಣ್ಣೆಪ್ಪ, ಬೀಗರಿಗೆ ಸಂಕೋಚವಿರಬೇಕೆಂದು ಸಕ್ಕರೆ ತರಿಸಿದ. ಅವರು ಸಕ್ಕರೆ ಮುಟ್ಟಲಿಲ್ಲ.

“ಹೆಂಗ ಆತ್ರಿ?” ಎಂದರು ಹಿರಿಯರೊಬ್ಬರು.

“ಏನ ಹೆಂಗ ಆತ್ರಿ?”

“ಹುಡುಗಂದು.”

“ಹುಡುಗಂದೇನು, ಹೊಲಕ್ಕ ಹೋಗ್ಯಾನ. ಇನ್ನೇನು ಬರತಾನ, ಕುಂದರ್ರಿ.”

ಬರತಾನ ಎಂದದ್ದು ಕೇಳಿ ಸಾಲಹಳ್ಳಿಯವರ ಬಾಯಿಯ ಪಸೆ ಆರಿತು. ಮಗನ ದುಃಖದಲ್ಲಿ ತಂದೆಗೆ ತಲೆ ಕೆಟ್ಟಿದೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಸಂಗಪ್ಪ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಒಳಗೆ ಬಂದ. ಹಿರಿಯರಲ್ಲೊಬ್ಬರು ಕಟ್ಟೆಯಿಂದ ಜಾರಿ ಕೆಳಗೆ ಕುಳಿತರು.

ಮರುದಿನ ಬಸವಣ್ಣೆಪ್ಪ ಬೈಲಹೊಂಗಲದ ಈ ಪಡಸಾಲೆಯಲ್ಲಿ ಬಂದು ನಿಂತು ಕೂಗಾಡಿದ್ದು ದೇವಕ್ಕನಿಗೆ ಇನ್ನೂ ಕಿವಿಯಲ್ಲಿತ್ತು. “ಏನಪಾ ಮಡಿವಾಳೆಪ್ಪ, ಜೀವಂತ ಮಗನ್ನ ಕಳಿಸಿದ್ರ ಹೆಣಾ ಮಾಡಿ ಕೊಟ್ಟೆಲ್ಲ. ಆ ಕಣ್ಣು ತೆರಿ ಅಂತ ಹೇಳಾಕ ನಿನ್ನ ಬಾಯಿಗೆ ಏನಾಗಿತ್ತು?”

“ನಿಮ್ಮ ಮಗ ಕೇಳಾಕ ಹತ್ತಿದ್ದರಿ. ನಡುವ ಎಬ್ಬಸೂದು ಪಾಪ ಅನಸ್ತು,” ಎಂದಿದ್ದ ಅವನು, ಸಿಟ್ಟಾಗದೆ.

ಮದುವೆ ಮಾತ್ರ ಮುರಿಯಲಿಲ್ಲ. ಹಿರಿಯರು ಊರಿಗೆ ಹೋಗಿ, ಹುಡುಗ ದೇವಕ್ಕನ ಪದ್ಯ ಕೇಳುತ್ತಾ ಕಣ್ಣು ಮುಚ್ಚಿದ್ದನೆಂದು ನಡೆದದ್ದು ಹೇಳಿದಾಗ ಮನೆಯೆಲ್ಲ ನಕ್ಕು, ಆಮೇಲೆ ಇಂಥ ಅಪಶಕುನದ ಸಂಬಂಧ ಬೇಡವೆಂದಿತಂತೆ. ಕನ್ಯೆ ಕೆಂಚವ್ವ ಫೋಟೋವನ್ನು ಕೈಯಲ್ಲಿ ಹಿಡಿದು ನೋಡಿ, “ಯಾರೋ ಹೆಂಗಸು ಹೇಳೂದನ್ನ ಇಷ್ಟ ಮನಸಿಟ್ಟ ಕೇಳಾಂವ ಇದ್ರ, ನನಗ ಇವನಽ ಇರಲಿ,” ಅಂದಳಂತೆ. ಆ ಫೋಟೋ ಈಗಲೂ ಚಚಡಿಯಲ್ಲಿ ಅವರ ದೇವರ ಕೋಣೆಯ ಹೊರಗೋಡೆಯ ಮೇಲಿತ್ತು. ಅದನ್ನು ನೋಡಲೆಂದೇ ಬಂದವರು, ಬಂದು ನಕ್ಕವರು, ನಕ್ಕು ಸುಮ್ಮನಾದವರು ಎಷ್ಟೋ. ಸುಮ್ಮನಾದವರು ಆಮೇಲೆ ತಮ್ಮ ಅವ್ವನನ್ನೋ ಅಪ್ಪನನ್ನೋ ಕರೆದುಕೊಂಡು ಈ ಪಡಸಾಲೆಗೆ ಬಂದರು. ಹಾಗೆ ಮಡಿವಾಳೆಪ್ಪನ ಕಸಬು ಕುಂಟುತ್ತಾ ಕುಂಟುತ್ತಾ ನಿಂತುಕೊಂಡಿತು.

ಅವನದೇ ಫೋಟೋ ತೆಗೆಯುವ ಯತ್ನವೂ ಒಮ್ಮೆ ಆಗಿತ್ತು. ಅವನ ಕೈ ನಡುಗಲು ಶುರುವಾದ ಮೇಲೆ ಗಾಜು ಹಾಕುವುದು, ಮುಚ್ಚಳ ತೆಗೆಯುವುದು, ತೊಳೆದು ಒಣಗಿಸುವುದು ಎಲ್ಲವನ್ನೂ ದೇವಕ್ಕನೇ ಮಾಡುತ್ತಿದ್ದಳು. ಆಗ ಒಂದು ದಿನ ಹಟ ಹಿಡಿದು ಅವನನ್ನು ಬೆಳಕಿಂಡಿಯ ಕೆಳಗೆ ಕೂಡಿಸಿದಳು. ಪದ್ಯ ಎತ್ತಿದಳು, ಮುಚ್ಚಳ ತೆಗೆದಳು. ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಕೇಳಿದವನು ಎದುರು ಕುಳಿತು ಕೇಳಿದ್ದು ಅದೇ ಮೊದಲು. ಆ ಮುಖ ನೋಡುತ್ತಾ ಅವಳು ಒಂದು ಪದ್ಯ ಮುಗಿಸಿ ಇನ್ನೊಂದಕ್ಕೆ ಹೋದಳು, ಅದನ್ನು ಮುಗಿಸಿ ಮತ್ತೊಂದಕ್ಕೆ. ಮುಚ್ಚಳ ಕೈಯಲ್ಲೇ ಉಳಿದು, ಬೆಳಕು ಲೆಕ್ಕ ಮೀರಿ ಗಾಜಿಗೆ ಬಿತ್ತು. ತೊಳೆದು ನೋಡಿದರೆ ಗಾಜು ರೊಟ್ಟಿ ಹಂಚಿನ ತಳದ ಹಾಗೆ ಕಪ್ಪು, ಮುಖವಿಲ್ಲ, ಗೋಡೆಯಿಲ್ಲ, ಏನೂ ಇಲ್ಲ.

“ನಾ ಕರಿಯಾಂವ ಅಂತ ಗೊತ್ತಿತ್ತು. ಇಷ್ಟಂತ ಗೊತ್ತಿರಲಿಲ್ಲ,” ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಮತ್ತೊಮ್ಮೆ ತೆಗೆಯೋಣ ಎಂದರೆ ಮುಂದೆ ನೋಡೋಣ ಎನ್ನುತ್ತಾ ಹೋದ. ಮುಂದೆ ಎನ್ನುವುದು ಹೀಗೆ ಮುಗಿದಿತ್ತು.

ಕೋಣೆಯ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಮಡಿವಾಳೆಪ್ಪನ ಅಣ್ಣ ವೀರಪ್ಪ. ಸವದತ್ತಿಯಿಂದ ಬಂದು ಎರಡು ದಿನ ತಮ್ಮನ ಹಾಸಿಗೆಯ ಪಕ್ಕದಲ್ಲೇ ಕುಳಿತಿದ್ದ ಹಿರಿಯ. ದೇವಕ್ಕ ಸೆರಗು ಮುಂದಕ್ಕೆ ಎಳೆದುಕೊಂಡಳು. ಭಾವನ ಎದುರು ಅವಳು ಮಾತಾಡಿದ್ದು ಕಡಿಮೆ, ಎದುರಾಡಿದ್ದು ಇಲ್ಲವೇ ಇಲ್ಲ.

“ಸಿಕ್ಕಿತೇನವಾ?”

ಇಲ್ಲವೆಂದು ತಲೆ ಅಲ್ಲಾಡಿಸಿದಳು.

“ಹಂಗಾರ ಈಗ ತಗದ ಬಿಡು. ಕ್ಯಾಮೆರಾ ಐತಿ, ನಿನಗ ಕೆಲಸಾ ಬರತೈತಿ. ಸತ್ತವರದ್ದು ತಗಿಯಾಂಗಿಲ್ಲ ಅನ್ನೂದು ಅವನ ಹಟ. ಅವನ ಜೋಡಿ ಅದೂ ಹೋತು. ನಿನಗ್ಯಾಕ ಬೇಕ ಅದು?” ವೀರಪ್ಪನ ದನಿ ಒರಟಾಗಿರಲಿಲ್ಲ. “ಹುಡುಗಿಗೆ ಅಪ್ಪನ ಮಾರಿ ಇಲ್ಲದಂಗ ಮಾಡಬ್ಯಾಡ. ಹುಟ್ಟೂ ಕೂಸಿಗೆ ನಿಮ್ಮಜ್ಜ ಹೆಂಗಿದ್ದ ಅಂತ ಏನ ತೋರಸೂಣು? ಮಣ್ಣಾಗ ಇಟ್ಟಮ್ಯಾಲ ಮುಗೀತು. ಬೆಳಕಿಂಡಿ ಬಿಸಲ ಇನ್ನ ಸ್ವಲ್ಪ ಹೊತ್ತ ಇರತೈತಿ.”

ದೇವಕ್ಕ ಬಹಳ ಹೊತ್ತು ಯೋಚಿಸಲಿಲ್ಲ. ಅವಳಿಗೂ ಬೇಕಾಗಿತ್ತು. ಮಗಳಿಗಷ್ಟೇ ಅಲ್ಲ, ತನಗೂ ಬೇಕಾಗಿತ್ತು. ನಾಳೆ ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಊರವರ ಮುಖಗಳೆಲ್ಲ ಇದ್ದು ಇವನದಿಲ್ಲದ ಪಡಸಾಲೆ ಹೇಗಿರುತ್ತದೆ ಎಂದು ನೆನೆದೇ ಅವಳ ಎದೆ ತಣ್ಣಗಾಗಿತ್ತು. ಹಟ ಅವನದು, ಹೌದು. ಮುರಿದರೆ ಬೈಯಲು ಅವನೇ ಇಲ್ಲ. ಬಾಗಿಲು ಮುಚ್ಚಿಕೊಂಡು ಪೆಟ್ಟಿಗೆಯಿಂದ ಹೊಸ ಗಾಜು ತೆಗೆದು ಚೌಕಟ್ಟಿಗೆ ಹಾಕಿಕೊಂಡು ಹೊರಗೆ ಬಂದಳು.

ಪಡಸಾಲೆ ತುಂಬಿತ್ತು. ಸುದ್ದಿ ಮುಟ್ಟಿದ ಊರುಗಳಿಂದ ಮಂದಿ ಬಂದಿದ್ದರು. ಚಚಡಿಯ ಸಂಗಪ್ಪನೂ ಕೆಂಚವ್ವನೂ ಕಂಬದ ಹತ್ತಿರ ಕುಳಿತಿದ್ದರು. ಕ್ಯಾಮೆರಾ ಹೊರಬಂದದ್ದು ಕಂಡು ಭಜನೆಯವರು ತಾಳ ಕೆಳಗಿಟ್ಟರು. ದಾರಿ ಬಿಡಿ, ಬೆಳಕು ಬಿಡಿ ಎಂದು ಯಾರೋ ಮೆಲ್ಲಗೆ ಹೇಳಿದರು. ದೇವಕ್ಕ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ತಲೆಯ ಮೇಲೆ ಕರಿ ಅರಿವೆ ಹೊದ್ದು ಒಳಗೆ ನೋಡಿದಳು.

ಒಳಗಿನ ಗಾಜಿನಲ್ಲಿ ಎಲ್ಲವೂ ತಲೆಕೆಳಗು. ಹೂವಿನ ಸರಗಳು ಮೇಲಕ್ಕೆ ಜೋತಿದ್ದವು. ಅವುಗಳ ಕೆಳಗೆ ಅವನ ಮುಖ, ವಿಭೂತಿಯ ಮೂರು ಗೆರೆ, ಬಿಳಿ ಮೀಸೆ, ಮುಚ್ಚಿದ ಕಣ್ಣು. ಮುಖ ಸ್ಪಷ್ಟವಾಗಿ ಬಂದಿತ್ತು. ಬೆಳಕೂ ಚಲೋ ಬಿದ್ದಿತ್ತು. ಕಸಬಿನ ಮಾತು ಹೇಳುವುದಾದರೆ ಇಂಥ ಫೋಟೋ ಅವಳು ಎಂದೂ ತೆಗೆದಿರಲಿಲ್ಲ. ಅಲುಗುವ ಭಯವೇ ಇಲ್ಲ.

ಅರಿವೆಯಿಂದ ಹೊರಗೆ ಬಂದು ಗಾಜಿನ ಚೌಕಟ್ಟನ್ನು ಕೂಡಿಸಿದಳು, ಗಾಜಿಗೆ ಬೆಳಕು ತಾಗದಂತೆ ತಡೆದಿದ್ದ ಒಳಹಲಗೆ ಎಳೆದಳು. ಕೈ ಮುಚ್ಚಳದ ಮೇಲಿತ್ತು. ಲೆಕ್ಕಕ್ಕೆ ಅವಳಿಗೆ ಗೊತ್ತಿದ್ದದ್ದು ಒಂದೇ. ಪದ್ಯ ಎತ್ತಿದಳು.

ದನಿ ಮೊದಲು ಒಡೆಯಿತು, ಆಮೇಲೆ ಕೂಡಿತು. ಗೋಡೆಯ ಪಕ್ಕದ ಹೆಂಗಸರು ಅವಳು ಗಂಡನನ್ನು ಹಾಡಿಕೊಂಡು ಅಳುತ್ತಿದ್ದಾಳೆಂದು ತಿಳಿದು ಕಣ್ಣಿಗೆ ಸೆರಗು ಹಚ್ಚಿದರು. ಅವಳು ಅಳುತ್ತಿರಲಿಲ್ಲ. ಸಾವಿರ ಸಲ ಮಾಡಿದ ಕೆಲಸ ಮಾಡುತ್ತಿದ್ದಳು. ಸಾಲು ಮುಗಿಯಿತು. ಅವಳು ಅವನ ಮುಖ ನೋಡಿದಳು. ಎರಡನೆಯ ಸಾಲೂ ಮುಗಿಯಿತು. ಹುಬ್ಬು ಹಾಗೇ ಇತ್ತು. ತುಟಿ ಹಾಗೇ ಇತ್ತು. ಎಂಥ ಬಿಗಿದ ಮುಖವನ್ನೂ ಒಂದಿಷ್ಟು ಬಿಚ್ಚಿಸುತ್ತದೆ ಎಂದು ಅವಳು ನಂಬಿದ್ದ ಪದ್ಯ, ಕಿವುಡರಂಥವರನ್ನೂ ತಡವಿ ಎಬ್ಬಿಸಿದ ಪದ್ಯ. ಅದು ಈಗ ಹೋಗಿ ಹೋಗಿ ಗೋಡೆಗೆ ಬಡಿದಂತೆ ತಿರುಗಿ ಅವಳ ಹತ್ತಿರವೇ ಬರುತ್ತಿತ್ತು.

ಸುತ್ತಲೂ ಪಡಸಾಲೆಯ ಮಂದಿ ಕೇಳುತ್ತಿದ್ದರು. ಸಂಗಪ್ಪನ ಕಣ್ಣು ಎಂದಿನಂತೆ ಮುಚ್ಚಿದ್ದವು, ಕೆನ್ನೆ ಒದ್ದೆಯಾಗಿತ್ತು. ಕೆಂಚವ್ವ ಬಾಯಿ ಅರ್ಧ ತೆರೆದು ಕುಳಿತಿದ್ದಳು. ಅಳಿಯ ಪರಪ್ಪ, ಭಜನೆಯ ಮುದುಕರು, ಬಾಗಿಲ ಹೊರಗೆ ನಿಂತ ಮಂದಿ, ಎಲ್ಲರ ಮುಖಕ್ಕೂ ಪದ್ಯ ಮುಟ್ಟಿತ್ತು. ನಡುವೆ ಹೂವು ಹೊತ್ತು ಕುಳಿತ ಒಬ್ಬನೇ ಒಬ್ಬನಿಗೆ ಮುಟ್ಟಿರಲಿಲ್ಲ. ಆ ಮುಖ ಮಡಿವಾಳೆಪ್ಪನದೇ, ಆದರೆ ಅವಳಿಗೆ ಗೊತ್ತಿದ್ದ ಮಡಿವಾಳೆಪ್ಪ ಅದರಲ್ಲಿ ಇರಲಿಲ್ಲ. ಅವನು ಹಟ ಹಿಡಿದದ್ದು ಏಕೆಂದು ಅವಳು ಎಂದೂ ಕೇಳಿರಲಿಲ್ಲ. ಈಗ ಕೇಳುವ ಅಗತ್ಯ ಉಳಿಯಲಿಲ್ಲ.

ಪದ್ಯವನ್ನು ನಡುವೆ ಬಿಡಬಾರದೆಂದು ತಂದೆ ಕಲಿಸಿದ್ದರು. ಕೊನೆಯ ಸಾಲಿನ ತನಕ ಹೇಳಿ ಮುಗಿಸಿದಳು. ಆಮೇಲೆ ಮುಚ್ಚಳದ ಮೇಲಿನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಮುಚ್ಚಳ ಇದ್ದಲ್ಲೇ ಇತ್ತು.

“ಆತೇನು?” ಎಂದ ವೀರಪ್ಪ.

“ಇಲ್ರಿ.”

“ಯಾಕ? ಬಿಸಲ ಹೊಂಟೈತಿ ನೋಡು. ಲಗೂನ ತಗಿ.”

ಅವಳು ಒಳಹಲಗೆಯನ್ನು ತಿರುಗಿ ಚೌಕಟ್ಟಿಗೆ ತಳ್ಳಿದಳು. ವೀರಪ್ಪ ಎದ್ದು ಹತ್ತಿರ ಬಂದ.

“ಹುಚ್ಚಿ ಆಗಬ್ಯಾಡವಾ. ಸುಂದ್ರವ್ವ ಪೋಟೋ ಎಲ್ಲಿ ಅಂತ ಪರಪ್ಪನ ಕೈ ನೋಡತಾಳ. ಏನ ಕೊಟ್ಟ ಕಳಸ್ತೀ?”

“ಏನೂ ಕೊಡೂದಿಲ್ರಿ. ಇವತ್ತ ಮಣ್ಣ ಆದಮ್ಯಾಲ ನಾನಽ ಕಿತ್ತೂರಿಗೆ ಹೋಗತೇನಿ. ಆಕೀ ಮಗ್ಗಲಾಗ ಕುಂತ ಅಪ್ಪ ಹೆಂಗಿದ್ದ ಅಂತ ಹೇಳತೇನಿ. ಆಕಿ ಕೇಳತಾಳ.”

“ಹೇಳಿದ್ದು ಎಷ್ಟ ದಿನಾ ಇರತೈತಿ? ನಾವೂ ನೀವೂ ಹೋದಮ್ಯಾಲ?”

ಭಾವ ಹೇಳಿದ್ದರಲ್ಲಿ ಸುಳ್ಳಿಲ್ಲವೆಂದು ಅವಳಿಗೆ ಗೊತ್ತಿತ್ತು. ಬೆಳಕಿಂಡಿಯ ಬಿಸಿಲು ಗಂಡನ ರುಮಾಲಿನ ತುದಿಯಿಂದ ಗೋಡೆಗೆ ಹತ್ತಿತ್ತು. ವೀರಪ್ಪ ಎಲ್ಲರ ಎದುರು, ತಮ್ಮನ ಹೆಂಡತಿಯ ಎದುರು, ಎರಡೂ ಕೈ ಜೋಡಿಸಿದ. ಅವನ ಕಣ್ಣು ತುಂಬಿದ್ದವು.

“ನನಗ ಒಬ್ಬನಽ ತಮ್ಮ ಇದ್ದ ದೇವಕ್ಕ. ನನಗಾಗಿ ಒಂದ ಸರತಿ ಆ ಮುಚ್ಚಳಾ ತಗೀವಾ.”

ದೇವಕ್ಕ ಸೆರಗು ಸರಿಮಾಡಿಕೊಂಡು ಮೊದಲ ಸಲ ತಲೆ ಎತ್ತಿ ಭಾವನ ಮುಖ ನೋಡಿದಳು.

“ನಾ ತಗಿಯಾಂಗಿಲ್ರಿ ಬಾವಾರ,” ಎಂದಳು.